ಹೊರಹರಿವು ಎಂಬ ಪದ

ಮಳೆಗಾಲದ ಪತ್ರಿಕೆಗಳಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ಪುಟ್ಟ ಚೌಕವೊಂದು ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯ ಸೀಮೆಯ ರಾಜಕೀಯವನ್ನು ಅರಿಯಲು ನಾನು ಇದನ್ನೇ ಪಠ್ಯವಾಗಿ ಓದುತ್ತೇನೆ. ಇದರಲ್ಲಿ ಕರ್ತೃಪದವೇ ಇಲ್ಲ. ನೀರು ಬಿಟ್ಟವರು ಯಾರು, ಯಾರ ಹೊಲಕ್ಕೆ ಎಂಬುದೆಲ್ಲ ‘ಹೊರಹರಿವು’ ಎಂಬ ಒಂದು ಪದದೊಳಗೆ ಅಡಗಿಬಿಡುತ್ತದೆ. ಆ ಖಾಲಿ ಜಾಗವನ್ನು ತುಂಬುವುದು ಆತಂಕ.

ಭಯಕ್ಕೆ ಎದುರಾಳಿ ಯಾರೆಂದು ಗೊತ್ತು, ಆತಂಕಕ್ಕೆ ಗೊತ್ತಿಲ್ಲ. ಹಾಗಾಗಿಯೇ ಎದುರಾಳಿಯೊಬ್ಬನನ್ನು ತೋರಿಸಿಕೊಡುವ ಭಾಷಣ ಹಿತವೆನಿಸುತ್ತದೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬಳಿಕ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆ, ಆ ಹಿತ ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ಸಾಕ್ಷಿ.

2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ನಿಗದಿಪಡಿಸಿತು. ಮದ್ದೂರು, ಮಳವಳ್ಳಿ ಕಡೆಯ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನ ಪ್ರಶ್ನೆ ಬೇರೆಯೇ: ಕಟ್ಟೆ ತುಂಬಿದ ವರ್ಷವಾದರೂ ನನ್ನ ಗದ್ದೆಗೆ ನೀರು ಬಂದೀತೆ? ಇದಕ್ಕೆ ಉತ್ತರ ಗಡಿಯಾಚೆ ಇಲ್ಲ. ನಾಲೆಯ ಹೂಳಿನಲ್ಲಿ, ತೂಬಿನಲ್ಲಿ, ನೀರಿನ ಸರದಿಯಲ್ಲಿದೆ. ಭಾಷಣಗಳು ಅಲ್ಲಿಗೆ ಇಳಿಯುವುದು ಅಪರೂಪ.

ಕೊನೆಯ ತೂಬಿಗೆ ತಲುಪಿದ ನೀರೆಷ್ಟು ಎಂಬ ಸಾಲೂ ಆ ಚೌಕದಲ್ಲಿ ಅಚ್ಚಾಗಲಿ. ಆಗ ಆತಂಕ ಪ್ರಶ್ನೆಯಾಗುತ್ತದೆ. ಪ್ರಶ್ನೆಯನ್ನಾದರೆ ಅಧಿಕಾರಿಯ ಮೇಜಿನ ಮೇಲಿಡಬಹುದು.