ಪ್ರಶ್ನಾವಳಿಯ ಭಾಷೆ ಮತ್ತು ಕೊಟ್ಟಣದ ಸೋಮಮ್ಮ

ಜನಗಣತಿಯ ಪ್ರಶ್ನಾವಳಿಯನ್ನು ಒಂದು ಪಠ್ಯವೆಂದು ಓದುವ ರೂಢಿ ಕನ್ನಡ ವಿಮರ್ಶೆಯಲ್ಲಿಲ್ಲ. ಅದು ಅರ್ಥಶಾಸ್ತ್ರಜ್ಞರ ಸೊತ್ತೆಂದು ಬಿಟ್ಟುಕೊಟ್ಟಿದ್ದೇವೆ. ಆದರೆ ಒಂದೇ ಪದದ ವ್ಯಾಖ್ಯಾನ ಬದಲಾದಾಗ ಕೋಟ್ಯಂತರ ಜನ ಮರೆಯಾಗುವುದಾದರೆ ಅದು ಅರ್ಥನಿರ್ಣಯದ ಪ್ರಶ್ನೆಯೂ ಹೌದು.

1961ರ ಜನಗಣತಿಯಲ್ಲಿ ಹಂಗಾಮಿನ ಬಹುಭಾಗದಲ್ಲಿ ದಿನಕ್ಕೆ ಒಂದು ಗಂಟೆಗೂ ಮೀರಿ ಕ್ರಮವಾಗಿ ದುಡಿದವರೂ ಕೆಲಸಗಾರರೇ. ಆಗ ದೇಶದ ಸ್ತ್ರೀಯರಲ್ಲಿ ಸುಮಾರು ಶೇಕಡ 28ರಷ್ಟು ಮಂದಿ ಆ ಪಟ್ಟಿಯಲ್ಲಿದ್ದರು. 1971ರಲ್ಲಿ ‘ಮುಖ್ಯ ಚಟುವಟಿಕೆ ಯಾವುದು’ ಎಂದು ಮೊದಲು ಕೇಳಲಾಯಿತು. ಪ್ರಮಾಣ ಸರಿಸುಮಾರು ಅರ್ಧಕ್ಕಿಳಿಯಿತು. ಇಳಿತದ ಬಹುಪಾಲು ಪ್ರಶ್ನೆಯದೇ ಹೊರತು ದುಡಿಮೆಯದಲ್ಲ. ಹೊಲದಿಂದ ಬಂದು ಒಲೆ ಹೊತ್ತಿಸುವ ಹೆಂಗಸು ‘ಮುಖ್ಯ’ವಾದುದು ಯಾವುದೆಂದರೆ ಮನೆಗೆಲಸವೆಂದೇ ಹೇಳಿಯಾಳು, ಅವಳ ಪರವಾಗಿ ಗಂಡನೇ ಉತ್ತರಿಸಿದರಂತೂ ಸಂದೇಹವೇ ಇಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸಂಕೇತಗಳು ಇನ್ನೂ ಕುತೂಹಲಕರ. 92 ಎಂದರೆ ಮನೆಗೆಲಸ ಮಾತ್ರ. 93 ಎಂದರೆ ಮನೆಗೆಲಸದೊಡನೆ ಸೌದೆ, ಸೊಪ್ಪು, ಮೇವು ಆಯ್ದು ತರುವುದು, ಮನೆಬಳಕೆಗೆ ಹೊಲಿಯುವುದು, ನೇಯುವುದು ಇತ್ಯಾದಿ. ಇಬ್ಬರೂ ಶ್ರಮಶಕ್ತಿಯ ಲೆಕ್ಕದಿಂದ ಹೊರಗೆ. ವಚನಗಳ ಓದುಗನಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವಳು ಇಂದಿನ ನಮೂನೆಯಲ್ಲಿ ಬಹುಶಃ 93! ಕೊಟ್ಟಣದ ಸೋಮಮ್ಮ ಪರರ ಮನೆಯ ಭತ್ತ ಕುಟ್ಟಿ ಕೂಲಿ ಪಡೆದರೆ ಕೆಲಸಗಾರ್ತಿ. ಅದೇ ಒನಕೆಯಿಂದ ಸ್ವಂತ ಮನೆಯ ಭತ್ತ ಕುಟ್ಟಿದರೆ ಅಲ್ಲ.

ಹಾಗೆಂದು ಎಣಿಸುವವರನ್ನೇ ದೂರುವುದು ಸಲ್ಲದು. ಎಲ್ಲವನ್ನೂ ಕೆಲಸವೆಂದರೆ ಎಣಿಕೆಗೆ ಅರ್ಥವುಳಿಯದು. ದೇವಕಿ ಜೈನ್ ಮತ್ತು ಮಾಲಿನಿ ಚಂದ್ 1976-77ರಲ್ಲಿ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಕೈಗೊಂಡ ಅಧ್ಯಯನದ ಗುಣವಿರುವುದು ಇಲ್ಲಿಯೇ: ‘ಏನು ಕೆಲಸ’ ಎಂದು ಕೇಳದೆ, ಹೊತ್ತು ಹೇಗೆ ಕಳೆಯಿತೆಂದು ನೋಡಿ ಬರೆದುಕೊಂಡರು. ಅದೇ ಜಾಡಿನ 2019ರ ಅಖಿಲ ಭಾರತ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕೆ ದಿನಕ್ಕೆ 299 ನಿಮಿಷ ವ್ಯಯಿಸಿದರೆ ತೊಡಗಿದ ಪುರುಷರು 97 ನಿಮಿಷ.

ನಮ್ಮ ಪಾಲಿನ ತಪ್ಪೂ ಉಂಟು. ಕಾಯಕತತ್ತ್ವವನ್ನು ಕುರಿತು ಪುಟಗಟ್ಟಲೆ ಬರೆದ ನಾವು (ಈ ಲೇಖಕನೂ ಸೇರಿ) ದಾಸೋಹದ ಅಡುಗೆಯನ್ನು ಬೇಯಿಸಿದವರಾರು, ಎಷ್ಟು ಹೊತ್ತು ಎಂದು ಕೇಳಲೇ ಇಲ್ಲ. ಶಬ್ದಸಂಪತ್ತಂತೂ ನಮ್ಮಲ್ಲಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಗೇಯ್ಮೆ’, ‘ಬದುಕು’, ಉತ್ತರದಲ್ಲಿ ‘ದಗದ’. ‘ಮನೆ ಬದುಕು’ ಎಂಬಲ್ಲಿ ಜೀವನ, ಆಸ್ತಿ, ದುಡಿಮೆ ಮೂರೂ ಬೆರೆತಿವೆ. ನಮೂನೆಯಲ್ಲಿ ಈ ಯಾವ ಪದವೂ ಇಲ್ಲದೆ ‘ಉದ್ಯೋಗ’ವೊಂದೇ ಇದ್ದರೆ, ಸಂಬಳವಿಲ್ಲದವಳು ‘ಇಲ್ಲ’ವೆನ್ನದೆ ಇನ್ನೇನೆಂದಾಳು? 1991ರ ಜನಗಣತಿಯು ಹೊಲದಲ್ಲಿ ಅಥವಾ ಮನೆಯ ಉದ್ದಿಮೆಯಲ್ಲಿ ಕೂಲಿಯಿಲ್ಲದೆ ದುಡಿಯುವುದೂ ಸೇರಿದಂತೆ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸಿತು. ಆ ಸೇರ್ಪಡೆಯನ್ನು ಗಣತಿದಾರರು ಯಾವ ಭಾಷೆಯಲ್ಲಿ ಹೇಗೆ ಆಡಿ ಕೇಳಿದರೆಂಬುದು, ಸೊಲ್ಲಾಪುರ ಅಥವಾ ಹೈದರಾಬಾದಿನ ಕನ್ನಡ ಮನೆಗಳನ್ನು ಬಲ್ಲ ಸಂಶೋಧಕರು ಕೈಗೆತ್ತಿಕೊಳ್ಳಬಹುದಾದ ವಿಷಯ.