ಯಂತ್ರ ಬರೆದ ಪಾಠ, ಶಿಕ್ಷಕರ ಹೊಣೆ

ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ಒಂದೊಂದು ಪ್ರತಿಯ ಹಿಂದೆಯೂ ಮೂಲವನ್ನು ಓದಿ ಬರೆದ ಲಿಪಿಕಾರನಿದ್ದನು. ಕೇಳಿದೊಡನೆ ಪಾಠವನ್ನೇ ಬರೆದುಕೊಡುವ ಇಂದಿನ ಕೃತಕ ಬುದ್ಧಿಮತ್ತೆಯ ಬರಹಕ್ಕೆ ಹೊಣೆ ಯಾರು?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಮರುವರ್ಷವೇ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಕೂಡಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಬೆಂಗಳೂರು ಸುತ್ತಲಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದವು. ಪಠ್ಯಕ್ರಮವನ್ನು ಆಧರಿಸಿ ಅದು ಪಾಠಯೋಜನೆಯನ್ನು ನಿಮಿಷಗಳಲ್ಲಿ ಸಿದ್ಧಪಡಿಸುತ್ತದೆ. ಶಿಕ್ಷಕರು ಅದನ್ನು ತಿದ್ದಿಕೊಳ್ಳಬಹುದು. ಈ ತಿದ್ದುವ ಅವಕಾಶವೇ ಅದರ ದೊಡ್ಡ ಗುಣ. ಶಿರಹಟ್ಟಿ, ಮುಂಡರಗಿ ಭಾಗದ ಹಳ್ಳಿಗಳಲ್ಲಿ ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ಶಿಕ್ಷಕರಿಗೆ ಉಳಿಯುವ ಒಂದು ಗಂಟೆಯೂ ಸಣ್ಣ ಲಾಭವಲ್ಲ.

ಆದರೆ ದೋಷವೂ ಅಷ್ಟೇ ದೊಡ್ಡದು. ಈ ಯಂತ್ರಗಳು ಮುಂದೆ ಬರಬಹುದಾದ ಪದವನ್ನು ಊಹಿಸಿ ವಾಕ್ಯವನ್ನು ಕಟ್ಟುತ್ತವೆ. ಹೇಳಿದ್ದು ನಿಜವೇ ಎಂದು ತೂಗಿ ನೋಡುವುದಿಲ್ಲ. ಕನ್ನಡದ ಬರಹವು ಅವುಗಳ ಕಲಿಕೆಯಲ್ಲಿ ಇಂಗ್ಲಿಷಿಗಿಂತ ತೀರ ಕಡಿಮೆ. ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಪಂಪನು ತನ್ನ ಕಾವ್ಯಕ್ಕೆ ಆಧಾರವೆಂದು ಹೇಳಿದ್ದು ಅಲ್ಲಿಯ ತಿರುಳ್ಗನ್ನಡವನ್ನು. ಇಂಥ ಸಂಗತಿಯನ್ನು ಯಂತ್ರವು ತಪ್ಪಾಗಿ, ಆದರೆ ಸೊಗಸಾಗಿ ಹೇಳಿದರೆ, ಶಂಖ ಬಸದಿಯ ಮುಂದೆ ದಿನವೂ ಹಾದುಹೋಗುವ ಮಗುವೂ ಅದನ್ನೇ ನಂಬೀತು. ಗುರುಗಳು ಕೊಟ್ಟದ್ದು ಸುಳ್ಳಾಗಿರಬಹುದೆಂದು ಮಗು ಶಂಕಿಸುವುದಿಲ್ಲ.

ಆದುದರಿಂದ ಆರಂಭವು ಮಕ್ಕಳಿಂದಲ್ಲ, ಶಿಕ್ಷಕರಿಂದಲೇ ಆಗಬೇಕು. ಯುನೆಸ್ಕೋ 2023ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ತರಗತಿಯ ಬಳಕೆಗೆ ಕನಿಷ್ಠ 13 ವರ್ಷದ ಮಿತಿಯನ್ನು ಸೂಚಿಸಿದೆ. ಶಿಕ್ಷಕರು ಮೊದಲು ತಾವು ಹಲವು ವರ್ಷ ಕಲಿಸಿದ ಒಂದು ಪಾಠಕ್ಕೆ ಯಂತ್ರದಿಂದ ಯೋಜನೆ ಬರೆಯಿಸಿ, ಪಠ್ಯಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಲಿ. ಬಲ್ಲ ವಿಷಯದಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಅರಿಯದ ವಿಷಯದಲ್ಲಿ ಬೀಳುವುದಿಲ್ಲ. ಅನಂತರ ಪರವೂರಿನ ಉದಾಹರಣೆಗಳ ಬದಲು ಬೆಟಗೇರಿಯ ಮಗ್ಗವನ್ನೋ ಗದಗಿನ ಮಾರುಕಟ್ಟೆಯನ್ನೋ ಸೇರಿಸಲಿ. ಮಕ್ಕಳ ಹೆಸರು, ಅಂಕ, ಮನೆಯ ಸ್ಥಿತಿಗಳನ್ನು ಯಂತ್ರಕ್ಕೆ ಒಪ್ಪಿಸದಿರಲಿ. ನೆರವು ಪಡೆದದ್ದನ್ನು ಮರೆಮಾಚದಿರಲಿ. ಮಕ್ಕಳಿಂದ ಪ್ರಾಮಾಣಿಕತೆಯನ್ನು ಬಯಸುವವರು ಇದನ್ನು ತಾವೇ ಮೊದಲು ಪಾಲಿಸಬೇಕು.

ಗುಮಾಸ್ತನು ಬರೆದ ಕಿರ್ದಿಯಾದರೂ ರುಜು ಹಾಕಿದ ಮೇಲೆ ಲೆಕ್ಕಕ್ಕೆ ಯಜಮಾನನೇ ಹೊಣೆ. ಓದದೆ ರುಜು ಹಾಕುವ ಯಜಮಾನನಿಗೆ ನಷ್ಟವಾಗುವುದು ಹಣ ಮಾತ್ರ. ಓದದೆ ಪಾಠ ಒಪ್ಪಿಸುವ ಶಿಕ್ಷಕರಿಂದ ನಷ್ಟವಾಗುವುದು ಮಕ್ಕಳ ತಿಳಿವಳಿಕೆ.