ಕರೆಯುವವರು ಯಾರು?

ಆಮಂತ್ರಣ ಪತ್ರಿಕೆಯನ್ನು ನಾವು ಓದುವುದು ಕಡಿಮೆ, ಅದರಲ್ಲಿ ಹುಡುಕುವುದೇ ಹೆಚ್ಚು. ತಾರೀಖು, ಛತ್ರ, ಊಟದ ಹೊತ್ತು ಸಿಕ್ಕರೆ ಮುಗಿಯಿತು. ಆದರೆ ಕುಂತೂರಿನ ನಮ್ಮ ಪಕ್ಕದ ಮನೆಯಾಕೆ ತಂದ ಪ್ರೂಫನ್ನು ನಾನು ಎರಡು ಸಲ ಓದಬೇಕಾಯಿತು. "ಕಾಗುಣಿತ ನೋಡಿಕೊಡಿ ಟೀಚರ್" ಎಂದಿದ್ದಳು. ಎಂಟು ವರ್ಷದ ಮಗಳಿಗೆ ಪ್ರಥಮ ಪರಮಪ್ರಸಾದ. ಕ್ಯಾಥೊಲಿಕರ ಮಗು ಮೊದಲು ಪಾಪನಿವೇದನೆ ಮಾಡಿ, ನಂತರ ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂಬ ನಂಬಿಕೆಯಿಂದ ಮೊದಲ ಸಲ ಆ ರೊಟ್ಟಿಯನ್ನು ಸ್ವೀಕರಿಸುವ ದಿನ ಅದು.

ಕಾಗುಣಿತ ಸರಿಯಿತ್ತು. ಉಳಿದದ್ದೆಲ್ಲ ಮದುವೆ ಪತ್ರಿಕೆಯದು. ಶುಭ ಮುಹೂರ್ತವಿತ್ತು, ಸುಖಾಗಮನ ಬಯಸುವವರ ಉದ್ದದ ಪಟ್ಟಿಯಿತ್ತು. ಛತ್ರದ ಹೆಸರು ದಪ್ಪ ಅಕ್ಷರದಲ್ಲಿ, ಬಲಿಪೂಜೆಯ ವೇಳೆ ಮೂಲೆಯಲ್ಲಿ. ಮಗು 'ಪರಮಪ್ರಸಾದ ಕೊಡಿಸಲಾಗುವ' ಮಗುವಾಗಿತ್ತು.

ಇಲ್ಲೇ ನನ್ನ ಮೊದಲ ತಕರಾರು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಈ ಸಂಸ್ಕಾರದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಈ ರೊಟ್ಟಿ ಬೇರೆ, ಮನೆಯ ರೊಟ್ಟಿ ಬೇರೆ ಎಂದು ತಿಳಿಯುವಷ್ಟು ಬುದ್ಧಿ ಮಗುವಿಗೆ ಬಂದರೆ ಸಾಕು ಎಂಬುದು ಅವರ ಮಾತಿನ ಸಾರ. ಮಗುವಿನ ತಿಳಿವಳಿಕೆಗೆ ಅಷ್ಟು ಬೆಲೆಯಿರುವಾಗ 'ಮಗಳು ಸ್ವೀಕರಿಸುತ್ತಾಳೆ' ಎಂದೇ ಬರೆಯಬಾರದೇಕೆ?

ಎರಡನೆಯದು, ನಮ್ಮಂಥ ನೆರೆಯವರ ವಿಷಯ. ಪ್ರಸಾದ ಎಂದರೆ ನಮ್ಮ ಸೀಮೆಯಲ್ಲಿ ಮಾದಪ್ಪನ ಬೆಟ್ಟದ ಲಾಡು ನೆನಪಾಗುತ್ತದೆ, ಕೈಯೊಡ್ಡಿದವರಿಗೆಲ್ಲ ಸಿಗುತ್ತದೆ. ಇದು ಹಾಗಲ್ಲ, ಇತರರು ಕುಳಿತು ಹರಸಿದರೆ ಸಾಕು ಎಂದು ಒಂದು ಸಾಲು ಹಾಕಿದರೆ ಯಾರಿಗೂ ಮುಜುಗರವಿಲ್ಲ. ಮಾರ್ಟಳ್ಳಿ ಕಡೆಯ ತಮಿಳು ಮನೆಗಳಲ್ಲಿ ಇದಕ್ಕೆ 'ಪುದು ನನ್ಮೈ' ಎನ್ನುತ್ತಾರೆ, ಹೊಸ ಒಳಿತು ಎಂದು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು ನಮ್ಮದು, ಆ ಮಾತು ನಮಗೆ ಪರಕೀಯವಲ್ಲ. ಎಷ್ಟು ಸರಳವಾದ ಹೆಸರು!

ಮೂರನೆಯದನ್ನು ಹೇಳಲು ನಾಲಗೆ ತಡವರಿಸಿತು. ಪತ್ರಿಕೆಯಲ್ಲಿ ತಾಯಿಯ ಹೆಸರೇ ಇರಲಿಲ್ಲ. ಮಗುವಿನ ತಂದೆ ತೀರಿಕೊಂಡು ಮೂರು ವರ್ಷವಾಗಿದೆ, ಕರೆಯುವವರು ದೊಡ್ಡಪ್ಪ. ಕೇಳಿದ್ದಕ್ಕೆ, "ಶುಭಕಾರ್ಯ ಅಲ್ವಾ ಟೀಚರ್, ನನ್ನ ಹೆಸರು ಹೇಗೆ ಹಾಕೋದು?" ಎಂದಳು.

ಈ ಅಳುಕು ಯಾವ ಚರ್ಚಿನದು? 1983ರ ಕ್ಯಾಥೊಲಿಕ್ ನಿಯಮಸಂಹಿತೆ, ಮಗುವನ್ನು ಪರಮಪ್ರಸಾದಕ್ಕೆ ಸಿದ್ಧಮಾಡುವ ಹೊಣೆ ಮೊದಲು ಹೆತ್ತವರದು ಎನ್ನುತ್ತದೆ. ರಾತ್ರಿ ಪಾತ್ರೆ ತೊಳೆಯುತ್ತ ಮಗಳಿಂದ ಜಪ ಒಪ್ಪಿಸಿಕೊಂಡವಳು ಈಕೆ. ಗೋಡೆಯಾಚೆಯಿಂದ ನಾನೇ ಕೇಳಿದ್ದೇನೆ. ಮದುವೆ ಪತ್ರಿಕೆಯ ಅಚ್ಚನ್ನು ಎರವಲು ತಂದಾಗ ಅದರ ಜೊತೆ ನಮ್ಮ ಹಳೆಯ ಮಡಿ-ಮೈಲಿಗೆಯೂ ಸದ್ದಿಲ್ಲದೆ ಬಂದುಬಿಟ್ಟಿತ್ತು, ಅಷ್ಟೆ.

ಪೆನ್ಸಿಲಿನಲ್ಲಿ ಬರೆದುಕೊಟ್ಟೆ: 'ನನ್ನ ಮಗಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುತ್ತಾಳೆ. ನೀವು ಬಂದು ಅವಳಿಗಾಗಿ ಪ್ರಾರ್ಥಿಸಿ. ನಂತರ ನಮ್ಮೊಂದಿಗೆ ಊಟ ಮಾಡಿ.' ಕೆಳಗೆ ಅವಳ ಹೆಸರು.

ವಾರದ ನಂತರ ಅಚ್ಚಾದ ಪತ್ರಿಕೆ ಬಂತು. ಮುಹೂರ್ತ ಹೋಗಿತ್ತು. ದೊಡ್ಡಪ್ಪನ ಹೆಸರು ಮೇಲೆ ಹಾಗೇ ಇತ್ತು. ನನ್ನ ಮೂರು ಸಾಲಿನಲ್ಲಿ ಎರಡು ಉಳಿದಿದ್ದವು. ಕೊನೆಯಲ್ಲಿ, 'ತಾಯಿ' ಎಂದು ಬರೆದು ಆಕೆಯ ಹೆಸರು. ಸಣ್ಣ ಅಕ್ಷರವೇ. ಆದರೂ ನನಗೆ ಪತ್ರಿಕೆ ಕೊಡುವಾಗ ಆಕೆ ಮೊದಲು ಬೆರಳಿಟ್ಟು ತೋರಿಸಿದ್ದು ಅದನ್ನೇ.